ದಿನಕ್ಕೆ ಎರಡು ಗುಳಿಗೆ, ತಿಂಗಳಿಗೆ ಎರಡೂವರೆ ಸಾವಿರ

ಬನಹಟ್ಟಿಯ ಸಹೋದರಿಯೊಬ್ಬರ ಪತ್ರ ಹೀಗಿದೆ: “ನಮ್ಮ ಯಜಮಾನರು ಮಗ್ಗದ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಲಿವರ್ ಕೆಟ್ಟಿದೆ. ಈಚೆಗೆ ಹಗಲೆಲ್ಲ ಮಲಗೋದು, ರಾತ್ರಿ ಏನೇನೋ ಮಾತಾಡೋದು ಶುರುವಾಗಿ, ಕೊನೆಗೆ ಎಚ್ಚರ ತಪ್ಪಿದರು. ದವಾಖಾನೆಯ ಖರ್ಚು ಆಯುಷ್ಮಾನ್ ಕಾರ್ಡಿನಲ್ಲಿ ಹೋಯಿತು. ಮನೆಗೆ ಕಳಿಸುವಾಗ ರಿಫಾಕ್ಸಿಮಿನ್ 550 ಎಂಬ ಗುಳಿಗೆ ದಿನಕ್ಕೆ ಎರಡು, ಜೊತೆಗೆ ಲ್ಯಾಕ್ಟುಲೋಸ್ ಸಿರಪ್ ಬರೆದುಕೊಟ್ಟರು. ನಿಲ್ಲಿಸಬಾರದು ಅಂದಿದ್ದಾರೆ. ಗುಳಿಗೆಗೇ ತಿಂಗಳಿಗೆ ಎರಡೂವರೆ ಸಾವಿರ ಬೇಕು. ಎಲ್ಲಿಂದ ತರೋದು? ಈಗ ದಿನಕ್ಕೆ ಒಂದೇ ಕೊಡುತ್ತಿದ್ದೇನೆ. ಕಂಪನಿಯವರೇ ಬಡವರಿಗೆ ಪುಕ್ಕಟೆ ಕೊಡುತ್ತಾರೆ ಅಂತ ಮಗ ಮೊಬೈಲಿನಲ್ಲಿ ನೋಡಿದ್ದಾನೆ. ಅದು ನಿಜವೇ? ಸರಕಾರದಿಂದ ಏನಾದರೂ ಸಿಗುತ್ತದೆಯೇ?”

ಸಹೋದರಿ,

ಮೊದಲು ತುರ್ತಿನ ಮಾತು ಹೇಳುತ್ತೇನೆ. ದಿನಕ್ಕೆ ಒಂದೇ ಗುಳಿಗೆ ಕೊಡುತ್ತಿರುವ ವಿಷಯವನ್ನು ವೈದ್ಯರಿಗೆ ಇವತ್ತೇ ತಿಳಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ದುಡ್ಡಿಲ್ಲದೆ ಹೀಗೆ ಮಾಡಿದ್ದೀರಿ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅವರಿಗೆ ಗೊತ್ತಾಗದಿದ್ದರೆ, ಎರಡು ಗುಳಿಗೆ ಕೊಟ್ಟರೂ ಕಾಯಿಲೆ ಹತೋಟಿಗೆ ಬರುತ್ತಿಲ್ಲ ಎಂದುಕೊಂಡು ಬೇರೆಯೇ ದಾರಿ ಹಿಡಿದಾರು.

ರಿಫಾಕ್ಸಿಮಿನ್ ಒಂದು ಆಂಟಿಬಯಾಟಿಕ್. ಲಿವರ್ ಕಾಯಿಲೆಗೆ ಆಂಟಿಬಯಾಟಿಕ್ ಯಾಕೆ ಎಂದು ಬಹಳ ಜನ ಕೇಳುತ್ತಾರೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅಮೋನಿಯಾ ತಯಾರಿಸುತ್ತವೆ. ಆರೋಗ್ಯವಾಗಿರುವ ಲಿವರ್ ಅದನ್ನು ರಕ್ತದಿಂದ ತೆಗೆದುಹಾಕುತ್ತದೆ. ಸೋತ ಲಿವರಿಗೆ ಅದು ಆಗುವುದಿಲ್ಲ. ಆಗ ಅಮೋನಿಯಾ ಮಿದುಳಿಗೆ ಹೋಗಿ ಮಂಪರು ಕವಿಯುತ್ತದೆ. ರಿಫಾಕ್ಸಿಮಿನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅದು ಕರುಳಿನಲ್ಲೇ ಉಳಿದು ಆ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತದೆ. 2010ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ ಹಿಂದೆ ಮಂಪರು ಬಂದಿದ್ದ 299 ರೋಗಿಗಳನ್ನು ಆರು ತಿಂಗಳು ನೋಡಿದರು. ಈ ಗುಳಿಗೆ ಸಿಗದವರಲ್ಲಿ ನೂರಕ್ಕೆ 46 ಮಂದಿಗೆ ಮತ್ತೆ ಮಂಪರು ಬಂತು. ದಿನಕ್ಕೆರಡು ಬಾರಿ 550 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 22 ಮಂದಿಗೆ ಬಂತು. ಎರಡೂ ಗುಂಪಿನ ಹೆಚ್ಚಿನವರು ಲ್ಯಾಕ್ಟುಲೋಸ್ ಕೂಡ ಕುಡಿಯುತ್ತಿದ್ದರು. ಅಂದರೆ ಗುಳಿಗೆ ದುಬಾರಿ ಅಂತ ಗಮನವೆಲ್ಲ ಅದರ ಮೇಲಿಟ್ಟು ಸಿರಪ್ ಮರೆಯಬಾರದು. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಸಂಡಾಸಿಗೆ ಹೋಗಬೇಕು, ಅದೇ ಅದರ ಅಳತೆ. ಪದೇ ಪದೇ ಹೋಗುವುದು ಬೇಸರ ಅಂತ ಬಹಳ ಮನೆಗಳಲ್ಲಿ ಸಿರಪ್ಪನ್ನೇ ಮೊದಲು ಬಿಡುತ್ತಾರೆ.

ನಿಮ್ಮ ಮಗ ನೋಡಿದ್ದು ಸುಳ್ಳಲ್ಲ, ಆದರೆ ಅದು ಅಮೆರಿಕದ ಮಾತು. ಅಲ್ಲಿ ಈ ಔಷಧಿ ಝೈಫ್ಯಾಕ್ಸನ್ ಎಂಬ ಹೆಸರಿನಲ್ಲಿ ಒಂದೇ ಕಂಪನಿಯ ಕೈಯಲ್ಲಿದೆ. ಪೇಟೆಂಟ್ ಒಪ್ಪಂದದ ಪ್ರಕಾರ ಅಗ್ಗದ ಜೆನೆರಿಕ್ ಗುಳಿಗೆ, ಅಂದರೆ ಬೇರೆ ಕಂಪನಿಗಳು ಮಾಡುವ ಅದೇ ಔಷಧಿ, ಬರಲು 2028ರ ಜನವರಿಯವರೆಗೆ ಕಾಯಬೇಕು. ತಿಂಗಳ ಖರ್ಚು ಸಾವಿರಾರು ಡಾಲರ್. ಅದಕ್ಕೇ ಅಲ್ಲಿ ಕಂಪನಿಯ ಕೂಪನ್ನು, ರೋಗಿಗಳ ನೆರವು ಯೋಜನೆ ಎಲ್ಲ ಇವೆ. ಅವು ಆ ದೇಶದಲ್ಲಿ ವಾಸ ಇರುವವರಿಗೆ ಮಾತ್ರ. ಯಾರಾದರೂ ಫೋನು ಮಾಡಿ, ಆ ಯೋಜನೆ ಕೊಡಿಸುತ್ತೇನೆ, ನೋಂದಣಿಗೆ ಇಷ್ಟು ಕಳಿಸಿ ಎಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಆಧಾರ್ ನಂಬರನ್ನೂ ಕೊಡಬೇಡಿ.

ನಮ್ಮಲ್ಲಿ ಇದೇ ಗುಳಿಗೆಯನ್ನು ಹಲವು ಕಂಪನಿಗಳು ಮಾಡುತ್ತವೆ. ಹಾಗಾಗಿ ನೆರವು ಹುಡುಕುವ ಮುಂಚೆ ಬೆಲೆ ಇಳಿಸುವ ದಾರಿ ಹಿಡಿಯಿರಿ. ಅದು ಚೀಟಿಯಿಂದಲೇ ಶುರುವಾಗುತ್ತದೆ. ಚೀಟಿಯಲ್ಲಿ ಕಂಪನಿಯ ಹೆಸರಿದ್ದರೆ ಔಷಧಿ ಅಂಗಡಿಯವರು ತಾವಾಗಿ ಬೇರೆ ಕಂಪನಿಯದು ಕೊಡುವಂತಿಲ್ಲ. ನಿಯಮವೇ ಹಾಗಿದೆ. ಆದ್ದರಿಂದ ವೈದ್ಯರ ಹತ್ತಿರ ಕೂತು ನೇರವಾಗಿ ಕೇಳಿ: “ಡಾಕ್ಟರೇ, ಇಷ್ಟು ದುಡ್ಡು ನಮ್ಮ ಕೈಯಲ್ಲಿ ಆಗಲ್ಲ. ಬರೀ ರಿಫಾಕ್ಸಿಮಿನ್ ಅಂತ ಬರೆದುಕೊಡ್ತೀರಾ?” ಹೆಚ್ಚಿನವರು ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ, ಅಂದರೆ ಸರಕಾರದ ಯೋಜನೆಯಲ್ಲಿ ಅಗ್ಗದ ಜೆನೆರಿಕ್ ಔಷಧಿ ಮಾರುವ ಅಂಗಡಿಗೆ, ಹೋಗಿ. ಹೋಗುವ ಮುಂಚೆ ಮಗನ ಮೊಬೈಲಿನಲ್ಲಿ ‘ಜನೌಷಧಿ ಸುಗಮ್’ ಆ್ಯಪ್ ಹಾಕಿಸಿ. ಹತ್ತಿರದ ಕೇಂದ್ರ ಎಲ್ಲಿದೆ, ಔಷಧಿಗೆ ಬೆಲೆ ಎಷ್ಟು ಎಂಬುದು ಅದರಲ್ಲಿ ಕಾಣುತ್ತದೆ. ಕೇಂದ್ರಕ್ಕೆ ಫೋನು ಮಾಡಿ ಸ್ಟಾಕ್ ಇದೆಯೇ ಅಂತ ಕೇಳಿಕೊಂಡರೆ ಬಸ್ ಚಾರ್ಜು ಸುಮ್ನೆ ಹಾಳಾಗುವುದಿಲ್ಲ. ಅಲ್ಲಿ ಇಲ್ಲದಿದ್ದರೆ ಜಮಖಂಡಿಯ ಎರಡು ಮೂರು ಮೆಡಿಕಲ್ ಅಂಗಡಿಗಳಲ್ಲಿ ವಿಚಾರಿಸಿ. ಗುಳಿಗೆ ಪಟ್ಟಿಯ (ಸ್ಟ್ರಿಪ್) ಮೇಲಿನ ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ, ಅಷ್ಟೇ. ಕಡಿಮೆಗೆ ಕೊಡಲು ಅಡ್ಡಿಯಿಲ್ಲ. ತಿಂಗಳಿಗೆ 60 ಗುಳಿಗೆ ಖಾಯಂ ಒಯ್ಯುವ ಗಿರಾಕಿ ನೀವು, ಧೈರ್ಯವಾಗಿ ಕೇಳಿ.

ಒಂದು ಎಚ್ಚರ ಇರಲಿ. ಈ ಔಷಧಿ 200, 400, 550 ಎಂದು ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. 550 ಇಲ್ಲ, 400 ಒಯ್ಯಿರಿ ಎಂದರೆ ವೈದ್ಯರನ್ನು ಕೇಳದೆ ತರಬೇಡಿ. ಅವರೇ 400ರ ಗುಳಿಗೆಗೆ ಬದಲಿಸಿದರೆ ದಿನಕ್ಕೆ ಎಷ್ಟು ಬೇಕಾಗುತ್ತದೋ ಅದರ ಮೇಲೆ ಒಟ್ಟು ಖರ್ಚಿನ ಲೆಕ್ಕ ಹಾಕಿ. ಒಂದು ಗುಳಿಗೆಯ ಬೆಲೆ ನೋಡಿ ಅಗ್ಗ ಅಂದುಕೊಳ್ಳಬೇಡಿ.

ಇನ್ನು ಸರಕಾರದ ನೆರವು. ನನಗೆ ಬಹಳ ನೋವಾಗುವುದು ಇಲ್ಲೇ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ ಶೇ. 30, ಅದೂ ಒಂದೂವರೆ ಲಕ್ಷದವರೆಗೆ. ಆದರೆ ಆ ಹಣ ದವಾಖಾನೆಯ ಹಾಸಿಗೆಗೆ. ಮನೆಯಲ್ಲಿ ದಿನಾ ನುಂಗುವ ಗುಳಿಗೆಗೆ ಅಲ್ಲ. ಗುಳಿಗೆ ತಪ್ಪಿ ಮತ್ತೆ ಎಚ್ಚರ ತಪ್ಪಿದರೆ ಐಸಿಯು ಖರ್ಚನ್ನು ಕೊಡುವ ವ್ಯವಸ್ಥೆ, ಅದನ್ನು ತಪ್ಪಿಸುವ ಗುಳಿಗೆಯ ಖರ್ಚನ್ನು ಕೊಡುವುದಿಲ್ಲ. ಇದು ಬದಲಾಗಬೇಕು. ನಮ್ಮ ಜಿಲ್ಲೆಗಳ ಶಾಸಕರು ಇದನ್ನು ಸದನದಲ್ಲಿ ಎತ್ತಬೇಕು ಎಂದು ಈ ಪುಟದಿಂದಲೇ ಕೇಳಿಕೊಳ್ಳುತ್ತೇನೆ. ಸದ್ಯಕ್ಕೆ ನಿಮಗೆ ಉಪಯೋಗ ಆಗುವಂಥದ್ದು ಒಂದಿದೆ. ಯೋಜನೆಯ ನಿಯಮದಲ್ಲಿ ಬಿಡುಗಡೆಯಾದ ಮೇಲೆ 15 ದಿನದವರೆಗಿನ ಔಷಧಿಯೂ ಸೇರಿದೆ. ಮತ್ತೆ ಅಡ್ಮಿಟ್ ಮಾಡುವ ಪ್ರಸಂಗ ಬಂದರೆ ಬಿಡುಗಡೆಯ ದಿನ ಅದನ್ನು ಕೇಳಿ ಪಡೆಯಿರಿ. ದವಾಖಾನೆಯಲ್ಲಿ ಯೋಜನೆಯ ಸಹಾಯಕ್ಕೆಂದು ಇರುವ ಆರೋಗ್ಯಮಿತ್ರರನ್ನು ವಿಚಾರಿಸಿ, ಅಥವಾ ಯೋಜನೆಯ ಸಹಾಯವಾಣಿ 14555ಕ್ಕೆ ಫೋನು ಮಾಡಿ. ನಿಮ್ಮ ಕಡೆಯವರು ಮಹಾರಾಷ್ಟ್ರದ ಮೀರಜಿಗೆ ಹೋಗುವುದು ಜಾಸ್ತಿ. ನಿಮ್ಮ ಕಾರ್ಡು ಆ ದವಾಖಾನೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ. ನೇಕಾರರ ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಆರೋಗ್ಯ ಯೋಜನೆ ಸಿಗಬಹುದು. ಆದರೆ ಅದೂ ಅಡ್ಮಿಟ್ ಆದಾಗಿನ ಚಿಕಿತ್ಸೆಗೇ.

ದಿನದ ಗುಳಿಗೆಗೆ ಎರಡು ಬಾಗಿಲು ಇವೆ. ಒಂದು ಸರಕಾರಿ ದವಾಖಾನೆ. ಚೀಟಿ ಮತ್ತು ಡಿಸ್ಚಾರ್ಜ್ ಕಾರ್ಡು ಹಿಡಿದು ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋಗಿ ಮೆಡಿಸಿನ್ ವಿಭಾಗದಲ್ಲಿ ತೋರಿಸಿ. ಬೆಳಗಾವಿ ಹತ್ತಿರವಾದರೆ ಅಲ್ಲಿನ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಿಮ್ಸ್‌ಗೆ ಹೋಗಿ. ಅಲ್ಲಿನ ವೈದ್ಯರು ಬರೆದರೆ ಸ್ಟಾಕಿನಲ್ಲಿ ಇರುವ ಔಷಧಿ ಪುಕ್ಕಟೆ ಸಿಗುತ್ತದೆ. ಇಲ್ಲ ಅಂದರೆ ಸುಮ್ಮನೆ ವಾಪಸ್ ಬರಬೇಡಿ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಬೇಕಾದ ಔಷಧಿಯನ್ನು ಸ್ಥಳೀಯವಾಗಿ ಕೊಳ್ಳಲು ಅವಕಾಶ ಇದೆ. ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಒಂದು ಅರ್ಜಿ ಬರೆದುಕೊಡಿ. ಕೊಟ್ಟೇ ಕೊಡುತ್ತಾರೆ ಎಂದು ನಾನು ಮಾತು ಕೊಡಲಾರೆ, ಆದರೆ ಬಾಯಲ್ಲಿ ಹೇಳಿದ್ದಕ್ಕಿಂತ ಕಾಗದದ ಮೇಲಿನ ಅರ್ಜಿಗೆ ತೂಕ ಹೆಚ್ಚು.

ಇನ್ನೊಂದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಯಜಮಾನರ ಹಳೆಯ ಪಗಾರದ ಚೀಟಿ ತೆಗೆದು ನೋಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪವರ್‌ಲೂಮ್ ಕಾರ್ಖಾನೆಯಾಗಿದ್ದು, ಪಗಾರ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಅದರಲ್ಲಿ ಶೇ. 0.75 ಇಎಸ್‌ಐಗೆ ಕಡಿತ ಆಗಿದ್ದರೆ ನಿಮ್ಮ ಹಕ್ಕು ಬಹಳ ದೊಡ್ಡದು. ಇಎಸ್‌ಐನಲ್ಲಿ ಹೊರರೋಗಿಗೂ ಔಷಧಿ ಸಿಗುತ್ತದೆ, ಅಡ್ಮಿಟ್ ಆಗಬೇಕು ಅಂತಿಲ್ಲ. ಕೆಲಸ ಬಿಟ್ಟ ಮೇಲೂ ಕಟ್ಟಿದ ಕಂತಿನ ಲೆಕ್ಕದಲ್ಲಿ ಸ್ವಲ್ಪ ಕಾಲ ಸೌಲಭ್ಯ ಇರುತ್ತದೆ. ಅದು ಮುಗಿಯುವ ಮುಂಚೆ ವಿಚಾರಿಸಿ.

ಮುಖ್ಯಮಂತ್ರಿ ಪರಿಹಾರ ನಿಧಿಯ ಬಗ್ಗೆಯೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಅದು ಹೆಚ್ಚಾಗಿ ದವಾಖಾನೆಯ ದೊಡ್ಡ ಬಿಲ್ಲಿಗೆ. ಪ್ರತಿ ತಿಂಗಳ ಗುಳಿಗೆಗೆ ಅದನ್ನು ನಂಬಿ ಕೂರುವಂತಿಲ್ಲ. ಆದರೂ ಹಿಂದಿನ ಬಿಲ್ಲುಗಳಿಂದ ಸಾಲ ಆಗಿದ್ದರೆ ಮೂಲ ಬಿಲ್ಲು, ರೇಷನ್ ಕಾರ್ಡು, ಆಧಾರ್, ವೈದ್ಯರ ಪತ್ರ ಸೇರಿಸಿ ಶಾಸಕರ ಕಚೇರಿಯ ಮೂಲಕ ಅರ್ಜಿ ಹಾಕಿ. ಮಂತ್ರಿಗಳು ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಬೆಳಗಾವಿಗೆ ಬಂದಾಗ ಕೈಗೇ ಕೊಟ್ಟರಾಯಿತು ಅಂತ ಡಿಸೆಂಬರಿಗೆ ಕಾಯಬೇಡಿ.

ಪತ್ರದ ಕೊನೆಗೆ, ಮಾಂಸ, ಬೇಳೆ ಎಲ್ಲ ಬಿಡಿಸಿದ್ದೇವೆ ಎಂದೂ ಬರೆದಿದ್ದೀರಿ. ಲಿವರ್ ರೋಗಿಗೆ ಪ್ರೋಟೀನ್ ಬಿಡಿಸುವುದು ಹಳೆಯ ಪದ್ಧತಿ. ಈಗಿನ ವೈದ್ಯರು ಅದನ್ನು ಒಪ್ಪುವುದಿಲ್ಲ. ಬೇಳೆ, ಮೊಸರು ಎಷ್ಟು ಕೊಡಬೇಕು ಅಂತ ಕೇಳಿಕೊಂಡು ಮತ್ತೆ ಶುರು ಮಾಡಿ. ನಿದ್ದೆ ಬರುವುದಿಲ್ಲ ಅಂತ ನಿದ್ದೆ ಗುಳಿಗೆ ಮಾತ್ರ ಕೊಡಬೇಡಿ, ಅದರಿಂದ ಮಂಪರು ಹೆಚ್ಚಾಗುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುವುದು, ಕೈ ಚಾಚಿದರೆ ಮುಂಗೈ ಪಟಪಟ ಅಲುಗುವುದು, ಕಪ್ಪಗೆ ಸಂಡಾಸ್ ಆಗುವುದು, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನು ಮಾಡಿ ದವಾಖಾನೆಗೆ ಕರೆದೊಯ್ಯಿರಿ.

ಅರ್ಜಿ ಬರೆಯುವುದು ಕಷ್ಟ ಅನ್ನಿಸಿದರೆ ಚೀಟಿ ಮತ್ತು ಡಿಸ್ಚಾರ್ಜ್ ಕಾರ್ಡಿನ ಝೆರಾಕ್ಸ್ ನಮ್ಮ ಕಚೇರಿಗೆ ಕಳಿಸಿ, ನಾವೇ ಬರೆದು ಕಳಿಸುತ್ತೇವೆ. ಮೂಲ ಕಾಗದಗಳನ್ನು ಮಾತ್ರ ನಮಗಾಗಲಿ, ಬೇರೆ ಯಾರಿಗಾಗಲಿ ಕೊಡಬೇಡಿ.