ಕಣ್ಣಿಗೆ ಕಾಣದ್ದಕ್ಕೆ ದುಡ್ಡು ಬೇಡ

ಓದುಗರೊಬ್ಬರು ಬರೆದಿದ್ದಾರೆ: “ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಕೊಳ್ಳಬೇಕು. ಎರಡು ತಿಂಗಳ ಸಂಬಳವಾದರೂ ಹಾಕಲೇಬೇಕು ಅಂತಾರೆ ಸ್ನೇಹಿತರು. ಓದಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ, ಅದು ಅವಳಿಗೆ ಗೊತ್ತಿಲ್ಲ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಕೊಂಡರೆ ಆಗುತ್ತದಾ? ಕೊಂಡರೆ ಅವಳಿಗೆ ಹೇಳಲೇಬೇಕಾ? ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಮೊದಲು ಆ ಎರಡು ತಿಂಗಳ ಸಂಬಳದ ಮಾತು ಮುಗಿಸಿಬಿಡೋಣ. ಅದು ಹಳೆಯ ಕಾಲದಿಂದ ಬಂದ ಪದ್ಧತಿಯೇನೂ ಅಲ್ಲ, ಜಾಹೀರಾತಿನಿಂದ ಬಂದದ್ದು. ವಜ್ರದ ವ್ಯಾಪಾರದ ದೊಡ್ಡ ಪಾಲನ್ನು ಹಿಡಿದಿಟ್ಟುಕೊಂಡಿದ್ದ ಡಿ ಬೀರ್ಸ್ ಕಂಪನಿ 1947ರಲ್ಲಿ ‘ವಜ್ರ ಎಂದೆಂದಿಗೂ’ ಎನ್ನುವ ಘೋಷಣೆ ತಂದಿತು. ಎರಡು ತಿಂಗಳ ಸಂಬಳದ ಲೆಕ್ಕ ಹೇಳಿಕೊಟ್ಟದ್ದೂ ಅದೇ ಕಂಪನಿಯ ಜಾಹೀರಾತು, 1980ರ ದಶಕದಲ್ಲಿ. ಮಾರುವವರು ಹಾಕಿದ ಲೆಕ್ಕ ನಿಮಗೆ ಯಾಕೆ? ಸಾಲದ ಕಂತು ಕಟ್ಟಿ ಉಳಿಯುವುದರಲ್ಲಿ ಎಷ್ಟು ಕೊಡಬಹುದೋ ಅಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಇನ್ನು ಹರಳು. ವಜ್ರದ 1 ಕ್ಯಾರೆಟ್ ಅಂದರೆ 0.2 ಗ್ರಾಂ ತೂಕ, ಅಷ್ಟೇ. ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ, ಎರಡನ್ನೂ ಬೆರೆಸಬೇಡಿ. ತೂಕ ಅರ್ಧ, ಒಂದು ಎನ್ನುವ ಅಂಕಿ ಮುಟ್ಟಿದ ಕೂಡಲೇ ಬೆಲೆ ಒಮ್ಮೆಗೇ ಜಿಗಿಯುತ್ತದೆ. 1 ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲ, 0.9 ಕ್ಯಾರೆಟ್‌ನದು ಸುಮಾರು 6.2. ಬೆರಳಿನ ಮೇಲೆ ಈ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ನನ್ನ ತಂಗಿಯ ಉಂಗುರಕ್ಕೆ ಹರಳು ನೋಡಲು ಹೋದಾಗ ನಮ್ಮ ಮುಂದೆ ಎರಡು ಇಟ್ಟರು. ಅಂಗಡಿಯ ದೀಪದ ಕೆಳಗೆ ಎರಡೂ ಝಗಮಗ. ಕಿಟಕಿಯ ಹತ್ತಿರ ತಗೊಂಡು ಹೋಗಬಹುದಾ ಅಂತ ಕೇಳಿದೆವು. ಹಗಲಿನ ಬೆಳಕಿಗೆ ಬಂದದ್ದೇ ತಡ, ಜಾಸ್ತಿ ತೂಕದ ಹರಳು ಮಂಕಾಯಿತು. ಅದರ ನಡುವೆ ಬಾವಿಯ ತಳದ ಹಾಗೆ ಕಪ್ಪು. ಆಳವಾಗಿ ಕತ್ತರಿಸಿದ್ದ ಕಲ್ಲು ಅದು. ತೂಕವೆಲ್ಲ ಅಡಿಯಲ್ಲಿ ಕೂತಿತ್ತು, ಒಳಗೆ ಹೋದ ಬೆಳಕು ಮೇಲಕ್ಕೆ ಬರುತ್ತಿರಲಿಲ್ಲ. ಚಿಕ್ಕದು ಮಾತ್ರ ಅಲ್ಲೂ ಮಿನುಗುತ್ತಿತ್ತು. ಅದನ್ನೇ ತಂದೆವು. ಅದಕ್ಕೇ ಹೇಳುವುದು, ಕಟ್, ಅಂದರೆ ಹರಳನ್ನು ಕತ್ತರಿಸಿದ ರೀತಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ತೂಕ ಇಳಿಸಿ.

ಬಣ್ಣದ ದರ್ಜೆ ಡಿಯಿಂದ ಝಡ್‌ವರೆಗೆ ಇದೆ. ಡಿ ಅಂದರೆ ಬಣ್ಣವೇ ಇಲ್ಲದ ಕಲ್ಲು, ಝಡ್ ಕಡೆಗೆ ಹೋದ ಹಾಗೆ ಹಳದಿ ಛಾಯೆ ಹೆಚ್ಚು. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಐ, ಜೆ ದರ್ಜೆಯ ಕಲ್ಲೂ ಬೆಳ್ಳಗೇ ಕಾಣುತ್ತದೆ. ಒಳಗಿನ ಕಲೆಗಳನ್ನು ಹತ್ತು ಪಟ್ಟು ದೊಡ್ಡದಾಗಿಸಿ ನೋಡಿ ದರ್ಜೆ ಕೊಡುತ್ತಾರೆ. ನೀವು ನೋಡುವುದು ಬರಿಗಣ್ಣಿನಲ್ಲಿ ಅಲ್ವಾ? ಕಲೆಗಳು ತೀರಾ ಸಣ್ಣಗಿರುವ ವಿಎಸ್2 ದರ್ಜೆ ಸಾಕು. ಅದರ ಕೆಳಗಿನ ಎಸ್‌ಐ1 ಆದರೆ ಒಂದೊಂದನ್ನೂ ಕೈಗೆ ತಗೊಂಡು ನೋಡಿ ಆರಿಸಿ. ಏನೇ ಕೊಂಡರೂ ಅಂಗಡಿಗೆ ಸಂಬಂಧವಿಲ್ಲದೆ ಹರಳು ಪರೀಕ್ಷಿಸುವ ಜಿಐಎ ಥರದ ಸಂಸ್ಥೆಯ ಸರ್ಟಿಫಿಕೇಟ್ ಇರಲಿ. ಅಂಗಡಿಯವರೇ ಬರೆದುಕೊಟ್ಟದ್ದು ಸಾಲದು.

ದುಡ್ಡು ಉಳಿಸಲೇಬಾರದ ಜಾಗ ಹರಳನ್ನು ಹಿಡಿದಿಡುವ ಕಟ್ಟು. ನನ್ನದೇ ಉಂಗುರದ ಒಂದು ಕೊಕ್ಕೆ ಸ್ವೆಟರಿನ ದಾರಕ್ಕೆ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಸುಮ್ನೆ ಬಿಡಿಸಿಕೊಳ್ಳುತ್ತಿದ್ದೆ. ಒಂದು ದಿನ ಉಗುರಿನಿಂದ ಮುಟ್ಟಿದರೆ ಹರಳೇ ಅಲುಗಾಡಿತು. ಕೊಕ್ಕೆ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಒಂದು ವಾರ ತಡವಾಗಿದ್ದರೆ ಹರಳು ಎಲ್ಲಿ ಬಿತ್ತು ಅಂತಲೂ ತಿಳಿಯುತ್ತಿರಲಿಲ್ಲ. ಕೊಕ್ಕೆಗಳು ದಪ್ಪಗಿರಲಿ, ಬೆರಳನ್ನು ಸುತ್ತುವ ಪಟ್ಟಿ ತೀರಾ ಸಣ್ಣಗೆ ಬೇಡ, ವರ್ಷಕ್ಕೊಮ್ಮೆ ತೋರಿಸಿಕೊಂಡು ಬನ್ನಿ.

ಲ್ಯಾಬ್ ವಜ್ರ ಕೊಳ್ಳಬಹುದಾ? ಧಾರಾಳವಾಗಿ. ಅದೂ ಇಂಗಾಲವೇ, ಅಷ್ಟೇ ಗಟ್ಟಿ, ಅದೇ ಹೊಳಪು, ಬೆಲೆ ಮಾತ್ರ ತುಂಬಾ ಕಡಿಮೆ. ಮುಂದೆ ಮಾರಲು ಹೋದರೆ ಹೆಚ್ಚೇನೂ ಬರುವುದಿಲ್ಲ. ಗಣಿಯ ವಜ್ರಕ್ಕೂ ಕೊಟ್ಟಷ್ಟು ವಾಪಸ್ ಬರುವುದು ಅಪರೂಪ. ವಜ್ರವೇ ಆಗಬೇಕು ಅಂತಿಲ್ಲದಿದ್ದರೆ ನೀಲಮಣಿ ನೋಡಿ. ಗಟ್ಟಿತನದ ಮೋಸ್ ಅಳತೆಯಲ್ಲಿ ವಜ್ರ 10, ನೀಲಮಣಿ 9. ದಿನಾ ತೊಡಲು ಏನೂ ತೊಂದರೆಯಿಲ್ಲ.

ಹೇಳಲೇಬೇಕಾ ಎಂದು ಕೇಳಿದ್ದೀರಿ. ಹೇಳಿ, ಅದೂ ಕೊಳ್ಳುವ ಮೊದಲೇ. ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ ನಿಜ. ಆದರೆ ಸರ್ಟಿಫಿಕೇಟಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ, ಆ ಕಾಗದ ಒಂದಲ್ಲ ಒಂದು ದಿನ ಅವರ ಕೈಗೆ ಸಿಗುತ್ತದೆ. ಆಗ ಅವರು ನೊಂದುಕೊಂಡರೆ ನೀವು ಏನು ಹೇಳುತ್ತೀರಿ? ಸಾಲದ ವಿಷಯವನ್ನೂ ಅದೇ ದಿನ ಹೇಳಿಬಿಡಿ. ಒಟ್ಟಿಗೆ ಜೀವನ ಮಾಡುವವರು ನೀವು, ಆ ಕಂತು ಇಬ್ಬರ ಮನೆಯಿಂದಲೇ ಹೋಗುತ್ತದೆ. ಅವರು ಒಪ್ಪಿದರೆ ಹರಳು ನೋಡಲು ಜೊತೆಗೇ ಕರೆದುಕೊಂಡು ಹೋಗಿ. ಕಿಟಕಿಯ ಹತ್ತಿರ ಇಬ್ಬರೂ ನಿಂತು ನೋಡಿ. ಬೆರಳಿನ ಅಳತೆಯೂ ಅಲ್ಲೇ ಸರಿಯಾಗಿ ಸಿಗುತ್ತದೆ.