ಹುಳಿಯೇ ಬಾರದ ಸೇಬಿನ ವಿನೆಗರ್

ಪ್ರಶ್ನೆ: ಸೇಬಿನ ಚೂರು, ಸಕ್ಕರೆ, ನೀರು ಹಾಕಿ ಬಿಗಿಯಾಗಿ ಮುಚ್ಚಿಟ್ಟು ತಿಂಗಳಾಯಿತು. ಹುಳಿ ಬಂದಿಲ್ಲ, ಹೆಂಡದ ವಾಸನೆ. ಚೆಲ್ಲಬೇಕೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿ ಮುಗಿಸಿದೆ, ಅಷ್ಟೇ. ಅದನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಮುಚ್ಚಳವೇ ನಿಮ್ಮ ತಪ್ಪು. ಚೂರು ಸೋಸಿ ತೆಗೆದು, ಅಗಲ ಬಾಯಿಯ ಗಾಜಿನ ಭರಣಿಗೆ ಸುರಿಯಿರಿ (ತಾಮ್ರ, ಅಲ್ಯೂಮಿನಿಯಂ ಬೇಡವೇ ಬೇಡ). ಲೀಟರಿಗೆ 200 ಮಿ.ಲೀ. ಕಾಯಿಸದ, ತಳದಲ್ಲಿ ಗಸಿಯಿರುವ ವಿನೆಗರ್ ಬೆರೆಸಿ ಬಟ್ಟೆ ಕಟ್ಟಿ. 25–30 ಡಿಗ್ರಿ ಹಿತ. ನಮ್ಮ ಬೇಸಿಗೆ 40 ದಾಟುತ್ತದಲ್ಲ, ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿಡಿ. 4–6 ವಾರ ಕಾಯಿರಿ. ಮೇಲೆ ಲೋಳೆಪದರ ಕಟ್ಟಿದರೆ ಒಳ್ಳೆಯದೇ. ಹಸಿರು, ಕಪ್ಪು ಬೂಷ್ಟು ಬಂದರೆ ಪೂರ್ತಿ ಚೆಲ್ಲಿ. ಆಮ್ಲದ ಪ್ರಮಾಣ ಅಳೆಯದೆ ಉಪ್ಪಿನಕಾಯಿಗೆ ಹಾಕಬೇಡಿ. ಮುಂದಿನ ಸಲ ಲೀಟರ್ ನೀರಿಗೆ 80 ಗ್ರಾಂ ಸಕ್ಕರೆ ಸಾಕು.