ಗದ್ದೆ ಹೋದ ಮೇಲಿನ ಚಾವಡಿ

(ಉಡುಪಿ ಹತ್ತಿರದ ಓದುಗರೊಬ್ಬರು ಬರೆದಿದ್ದಾರೆ: ಅವರೂರಿನ ಗುತ್ತಿನ ಮನೆ, ಅಂದರೆ ಹಳೆಯ ಜಮೀನ್ದಾರಿ ಮನೆ, ಮತ್ತು ಅದರ ಮುಂದಿನ ತಗ್ಗಿನ ಗದ್ದೆಯಾದ ಬೈಲು ಲೇಔಟಿಗೆ ಮಾರಾಟವಾಗಿವೆ. ದೀಪಾವಳಿ ಕಳೆದ ಮೇಲೆ ಮನೆ ಕೆಡವುತ್ತಾರಂತೆ. ಬಿಲ್ಡರುಗಳ ವಿರುದ್ಧ ಪತ್ರಿಕೆ ಯಾಕೆ ಬರೆಯುತ್ತಿಲ್ಲ ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ನಿಮ್ಮ ಸಿಟ್ಟು ಸರಿ. ಆದರೆ ಬಿಲ್ಡರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮನೆಯ ಬೈಲುಗದ್ದೆಯನ್ನು ಮಾರಿದ್ದು ನಾವೇ. ಪಾಲುದಾರರು ಹದಿನಾಲ್ಕು ಮಂದಿ, ಊರಲ್ಲಿದ್ದವರು ಇಬ್ಬರು. ನೇಜಿ (ಭತ್ತದ ಸಸಿ) ನೆಡಲು ಜನ ಸಿಗಲಿಲ್ಲ. ಮನೆಯ ಮಾಡಿನ ರಿಪೇರಿಗೆ ಯಾರೂ ದುಡ್ಡು ಹಾಕಲಿಲ್ಲ. ಸಹಿ ಹಾಕಲು ಮಾತ್ರ ಹದಿನಾಲ್ಕೂ ಮಂದಿ ಬಂದರು.

ಈ ಮನೆಗಳು ನಿಂತದ್ದೇ ಭತ್ತದ ಮೇಲೆ. ಅಂಗಳ ಅಷ್ಟು ಅಗಲ ಇರುವುದು ಭತ್ತ ಬಡಿದು ಒಣಗಿಸಲಿಕ್ಕೆ. ಒಳಗೆ ಕಣಜ, ಒಣಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಮುಡಿ. ಭೂಸುಧಾರಣಾ ಕಾಯಿದೆಯಿಂದಾಗಿ 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ನಿಂತಿತು. ಉಳುವವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ದೊಡ್ಡದಾಗಿಯೇ ಉಳಿಯಿತು, ಅದನ್ನು ಸಾಕುವ ಗದ್ದೆ ಸಣ್ಣದಾಯಿತು. ಆಗ ಗೇಣಿದಾರರೆಂದು ಡಿಕ್ಲರೇಶನ್ ಅರ್ಜಿ ಕೊಟ್ಟು ಗದ್ದೆ ಪಡೆದವರ ಮೊಮ್ಮಕ್ಕಳೂ ಈಗ ಸೆಂಟ್ಸ್ ಲೆಕ್ಕದಲ್ಲಿ ಮಾರುತ್ತಿದ್ದಾರೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹೆರಿಟೇಜ್ ವಿಲೇಜ್ ನೋಡಿದ್ದೀರಲ್ಲ? ಹಾಳು ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಕಂಬ, ತೊಲೆ, ಬಾಗಿಲು ಎಲ್ಲವನ್ನೂ ಬಿಚ್ಚಬಹುದು. ಬೈಲನ್ನು ಬಿಚ್ಚಿ ಲಾರಿಗೆ ಹಾಕಲಾಗುವುದಿಲ್ಲ ಅಲ್ವಾ?

ನನಗೆ ಜಾಸ್ತಿ ಹೆದರಿಕೆ ಅದರದ್ದೇ. ಗುಡ್ಡದ ನೀರು ಬೆಟ್ಟು, ಮಜಲು ಎಂಬ ಮೇಲಿನ ಮತ್ತು ನಡುವಿನ ಗದ್ದೆಗಳನ್ನು ಇಳಿದು ಬೈಲಿಗೆ ಬಂದು ನಿಲ್ಲುತ್ತದೆ. ಅಲ್ಲೇ ಇಂಗಿ ಬಾವಿಗೆ ಹೋಗುತ್ತದೆ. ಕೆಂಪು ಮಣ್ಣು ತುಂಬಿಸಿ ಬೈಲನ್ನು ಎತ್ತರಿಸಿದರೆ ಅದೇ ನೀರು ಪಕ್ಕದವರ ಜಗಲಿಗೆ ಬರುತ್ತದೆ. ಉಡುಪಿಯ 2020ರ ಸೆಪ್ಟೆಂಬರ್ ನೆರೆ ನೆನಪಿದೆಯಲ್ಲ? ಮಳೆ ವಿಪರೀತ ಇತ್ತು, ಒಪ್ಪಿದೆ. ಆದರೆ ನಿಲ್ಲಲು ಜಾಗವೂ ಇರಬೇಕಲ್ಲ ಮಾರಾಯ್ರೆ, ಆ ನೀರಿಗೆ!

ಪಕ್ಕದ ಕೇರಳದಲ್ಲಿ ಗದ್ದೆ ತುಂಬಿಸುವುದನ್ನು ತಡೆಯಲು 2008ರಿಂದ ಪ್ರತ್ಯೇಕ ಕಾಯಿದೆಯೇ ಇದೆ. ನಮ್ಮಲ್ಲಿ ಭೂಸುಧಾರಣಾ ಕಾಯಿದೆಗೆ 2020ರ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಆಮೇಲೆ ಕೃಷಿಯೇತರ ಬಳಕೆಗೆ ಒಂದು ಕನ್ವರ್ಷನ್, ಅಷ್ಟೆ.

ಮನೆ ಕೆಡವುವುದನ್ನು ನಾವು ತಡೆಯಲಾರೆವು, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಹಂಚು ಇಳಿಸುವ ಮೊದಲು ಒಂದು ಫೋನು ಮಾಡಿ. ಬಂದು ಅಳತೆ ತೆಗೆದು, ಫೋಟೋ ಸಮೇತ ಪ್ರಕಟಿಸುತ್ತೇವೆ. ಬೈಲಿಗೆ ಇನ್ನೂ ಮಣ್ಣು ಬಿದ್ದಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಸರ್ವೆ ನಕ್ಷೆ ತೆಗೆಸಿ, ಬೈಲಿನ ತೋಡು (ಸಣ್ಣ ಹಳ್ಳ) ಎಲ್ಲಿ ಹರಿಯುತ್ತದೆ ನೋಡಿ. ಮುಂದಿನ ಗ್ರಾಮಸಭೆಗೆ ಅದನ್ನು ಹಿಡಿದುಕೊಂಡೇ ಹೋಗಿ.